ಕಿವಿಯಿಂದ ಓದುವವರಿಗೆ ಪುಸ್ತಕ ತಿದ್ದಿದವರು

ಕನಾ೯ಟಕ. ಈ ಪದದಲ್ಲಿ ತಪ್ಪೇನಾದರೂ ಕಂಡಿತೇ? ಅರ್ಕಾವೊತ್ತು ಇರಬೇಕಾದ ಜಾಗದಲ್ಲಿ ನಾವು ಬೇಕೆಂತಲೇ ಕನ್ನಡದ ಒಂಬತ್ತು ಅಂಕಿ ಹಾಕಿದ್ದೇವೆ. ನೋಡಲು ಎರಡೂ ಒಂದೇ ಥರ. ಆದರೆ ದೃಷ್ಟಿಯಿಲ್ಲದವರ ಮೊಬೈಲಿನಲ್ಲಿ ಅಕ್ಷರ ಓದಿ ಹೇಳುವ ತಂತ್ರಾಂಶಕ್ಕೆ ಅದು ಒಂಬತ್ತೇ. ‘ಕನಾ ಒಂಬತ್ತು ಟಕ’ ಎಂದು ಅದು ಓದಿದರೆ ತಪ್ಪು ಅದರದಲ್ಲ. ಪುಟಕ್ಕೆ ಇಂಥವು ಹತ್ತು ಬಂದರೆ ಯಾರು ತಾನೇ ಕೇಳುತ್ತಾ ಕೂರುತ್ತಾರೆ?

ಇಂಥ ತಪ್ಪುಗಳನ್ನು ಹೆಕ್ಕಿ ತೆಗೆಯುವ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರಿದ್ದಾರೆ. ಅವರಲ್ಲಿ ಎಷ್ಟೋ ಜನ ಸ್ವತಃ ಕಣ್ಣು ಕಾಣದವರು. ಆ ಕತೆ ಇದು.

ಮೊದಲು ಇದ್ದದ್ದು ಬ್ರೈಲ್. ಫ್ರಾನ್ಸಿನ ಲೂಯಿ ಬ್ರೈಲ್ ಎಂಬ ಹುಡುಗ 1824ರಲ್ಲಿ, ಇನ್ನೂ ಹದಿನೈದರ ಪ್ರಾಯದಲ್ಲಿ, ಆರು ಚುಕ್ಕಿಗಳ ಲಿಪಿ ರೂಪಿಸಿದ. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಲಿಪಿ ಬಂದರೂ ಪುಸ್ತಕ ತಾನಾಗಿ ಬರಲಿಲ್ಲ. ಒಂದನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರೆಡ್ ಕ್ರಾಸ್ ಸ್ವಯಂಸೇವಕರು ಕೈಯಲ್ಲೇ ಬ್ರೈಲ್ ಪುಸ್ತಕ ಮಾಡಿದರು. ಫಲಕದ ಮೇಲೆ ದಪ್ಪ ಕಾಗದ ಇಟ್ಟು ಮೊಳೆಯಂಥ ಕಡ್ಡಿಯಿಂದ ಒಂದೊಂದೇ ಚುಕ್ಕಿ ಒತ್ತಬೇಕು. ಚುಕ್ಕಿ ಏಳುವುದು ಹಾಳೆಯ ಹಿಂಬದಿಯಲ್ಲಾದ್ದರಿಂದ ಬರೆಯುವುದು ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ. ಅಷ್ಟು ದುಡಿದರೂ ಸಿಗುವುದು ಒಂದೇ ಪ್ರತಿ.

ಅಚ್ಚಾದ ಪುಟವನ್ನು ಯಂತ್ರವೇ ಓದಿ ಹೇಳುವುದು ಸಾಧ್ಯ ಎಂದು ರೇ ಕರ್ಜ್‌ವೀಲ್ 1976ರಲ್ಲಿ ತೋರಿಸಿದರು. ಮೇಜು ತುಂಬುವಷ್ಟು ದೊಡ್ಡ ಯಂತ್ರ ಅದು. ಮೊದಲ ಗಿರಾಕಿ ಅಂಧ ಗಾಯಕ ಸ್ಟೀವಿ ವಂಡರ್. ಸಾಮಾನ್ಯರ ಕೈಗೆಟುಕುವ ಬೆಲೆ ಅದಾಗಿರಲಿಲ್ಲ. 1989ರಲ್ಲಿ ಜಿಮ್ ಫ್ರುಕ್ಟರ್‌ಮನ್ ಎಂಬ ಎಂಜಿನಿಯರ್ ಕ್ಯಾಲಿಫೋರ್ನಿಯಾದಲ್ಲಿ ಆರ್ಕೆನ್‌ಸ್ಟೋನ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, ಸಾಮಾನ್ಯ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸಿ ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮಾಡಿಸಿದರು.

ಅಲ್ಲೊಂದು ವಿಚಿತ್ರ ನಡೆಯಿತು. ಹೊಸ ಕಾದಂಬರಿ ಬಂದ ಕೂಡಲೇ ಒಂದು ಊರಿನ ಅಂಧ ಓದುಗ ಗಂಟೆಗಟ್ಟಲೆ ಕೂತು ಪುಟಪುಟ ಸ್ಕ್ಯಾನ್ ಮಾಡುತ್ತಿದ್ದ. ಇನ್ನೊಂದು ಊರಿನಲ್ಲಿ ಇನ್ನೊಬ್ಬಳೂ ಅದೇ ಪುಸ್ತಕ ಹಿಡಿದು ಅದನ್ನೇ ಮಾಡುತ್ತಿದ್ದಳು. ಒಂದೇ ಓಣಿಯ ಪ್ರತಿ ಮನೆಯವರೂ ಒಂದೊಂದು ಬಾವಿ ತೋಡಿದ ಹಾಗೆ. ಆ ಹೊತ್ತಿಗೆ ಹಾಡುಗಳನ್ನು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಎಂಬ ಜಾಲವನ್ನು ಫ್ರುಕ್ಟರ್‌ಮನ್‌ಗೆ ಅವರ ಹದಿಹರೆಯದ ಮಗ ತೋರಿಸಿದ. ಹಾಡು ಹಂಚಬಹುದಾದರೆ ಸ್ಕ್ಯಾನ್ ಮಾಡಿದ ಪುಸ್ತಕವನ್ನೇಕೆ ಹಂಚಬಾರದು? ನ್ಯಾಪ್‌ಸ್ಟರ್ ಕೋರ್ಟಿನಲ್ಲಿ ಸೋತಿತು. ಇವರಿಗೆ ಮಾತ್ರ ಕಾನೂನಿನ ಆಸರೆ ಇತ್ತು. ಅಂಧರಿಗಾಗಿ ವಿಶೇಷ ರೂಪದ ಪ್ರತಿ ಮಾಡಲು ಪ್ರಕಾಶಕರ ಒಪ್ಪಿಗೆ ಬೇಕಿಲ್ಲ ಎಂದು 1996ರಲ್ಲೇ ಅಮೆರಿಕದ ಕಾನೂನಿಗೆ ತಿದ್ದುಪಡಿ ಆಗಿತ್ತು. ಹಾಗೆ 2002ರಲ್ಲಿ ಬುಕ್‌ಶೇರ್ ಶುರುವಾಯಿತು. ಇಂದು ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕಗಳಿವೆ. ಈಗ ಹೆಚ್ಚಿನವು ಪ್ರಕಾಶಕರಿಂದಲೇ ಬರುತ್ತವೆ, ಆದರೆ ಬುನಾದಿ ಹಾಕಿದ್ದು ಸ್ವಯಂಸೇವಕರು.

ಅವರ ಕೆಲಸ ಎರಡು ಪಾಲು. ಒಬ್ಬರು ಸ್ಕ್ಯಾನ್ ಮಾಡಿ ಕಳಿಸುವುದು, ಇನ್ನೊಬ್ಬರು ತಿದ್ದುವುದು. ಕಣ್ಣು ಕಾಣದವರು ಹೇಗೆ ತಿದ್ದುತ್ತಾರೆ ಎಂದು ನೀವು ಕೇಳಬಹುದು. ಕಿವಿಯಿಂದ, ಇಲ್ಲವೇ ಕಂಪ್ಯೂಟರಿಗೆ ಜೋಡಿಸಿದ ಬ್ರೈಲ್ ಸಾಧನದ ಮೇಲೆ ಬೆರಳಾಡಿಸಿ. ಇಂಗ್ಲಿಷಿನ ‘ಮಾಡರ್ನ್’ ಪದವನ್ನು ಯಂತ್ರ ‘ಮೋಡೆಮ್’ ಎಂದುಕೊಳ್ಳುತ್ತದೆ, ಆರ್ ಮತ್ತು ಎನ್ ಅಂಟಿಕೊಂಡರೆ ಎಮ್ ಥರ ಕಾಣುವುದರಿಂದ. ನೋಡುವ ಕಣ್ಣು ಅದನ್ನು ದಾಟಿ ಹೋಗುತ್ತದೆ, ಕೇಳುವ ಕಿವಿ ಬಿಡುವುದಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿ ಪುಟ ತಪ್ಪಿದ್ದರೆ ಪುಟಸಂಖ್ಯೆ ಎಣಿಸಿ ಹಿಡಿಯಬೇಕು. ಅಕ್ಷರವೇ ಅಳಿಸಿದ ಕಡೆ ಮಾತ್ರ ಮೂಲ ಪುಟ ನೋಡಬಲ್ಲ ಕಣ್ಣು ಬೇಕು.

ಇನ್ನು ಕನ್ನಡಕ್ಕೆ ಬರೋಣ. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೇರುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ‘ಮ’ಕ್ಕೂ ‘ವು’ಗೂ ಹೆಚ್ಚು ಅಂತರವಿಲ್ಲ. ಮೊಳೆ ಅಚ್ಚಿನ ಹಳೆಯ ಪುಸ್ತಕದಲ್ಲಿ ಒಂದು ಸಣ್ಣ ಗೀಟು ಮಾಸಿದರೆ ಸಾಕು, ಸೇಠ್‌ಜಿಯ ಧನ ದನವಾಗುತ್ತದೆ. ವಾಕ್ಯ ಆಗಲೂ ಸರಿಯಾಗೇ ಇರುತ್ತದೆ, ಅದೇ ಫಜೀತಿ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕನ್ನಡ ಪುಟ ಓದುವ ತಂತ್ರಾಂಶ ಮಾಡಿದ್ದಾರೆ, ಗೂಗಲ್‌ನದೂ ಇದೆ. ಅವು ಓದಿದ ಮೇಲೂ ಮನುಷ್ಯರು ಒಮ್ಮೆ ಓದಲೇಬೇಕು.

ನಮಗೆ ಇದಕ್ಕಿಂತ ಬೇಸರ ತರುವುದು ಬೇರೆಯೇ. ಎಷ್ಟೋ ಕನ್ನಡ ಪುಸ್ತಕಗಳು ಮೊದಲೇ ಕಂಪ್ಯೂಟರಿನಲ್ಲಿವೆ. ಆದರೆ ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಆದವು. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಓದುವ ತಂತ್ರಾಂಶಕ್ಕೆ ಅದು ಬರೀ ಗೋಜಲು. ಯೂನಿಕೋಡಿಗೆ ಬದಲಿಸುವ ಸಾಧನಗಳಿವೆ, ಬದಲಿಸಿದ ಮೇಲೆ ಒತ್ತಕ್ಷರಗಳು ಅಲ್ಲಲ್ಲಿ ಎಡವುತ್ತವೆ. ಅಂದರೆ ಒಮ್ಮೆ ತಿದ್ದಿ ಅಚ್ಚಾದ ಪುಸ್ತಕವನ್ನೇ ಮತ್ತೆ ತಿದ್ದಬೇಕು. ಅಲ್ಲಿಯವರೆಗೆ ದನಿಮುದ್ರಣವೇ ಆಸರೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳಲ್ಲಿ ಸ್ವಯಂಸೇವಕರು ಪುಸ್ತಕ ಓದಿ ರೆಕಾರ್ಡ್ ಮಾಡುತ್ತಾರೆ.

ಕಾನೂನಿನಲ್ಲಿ ಮಾತ್ರ ನಮ್ಮ ದೇಶ ಹಿಂದೆ ಬಿದ್ದಿಲ್ಲ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಗವಿಕಲರಿಗಾಗಿ ವಿನಾಯಿತಿ ಸೇರಿತು. ಇಂಥ ಪುಸ್ತಕಗಳು ದೇಶದ ಗಡಿ ದಾಟಲು ಬಿಡುವ ಮರ್ರಾಕೇಶ್ ಒಪ್ಪಂದ 2013ರಲ್ಲಿ ಆಯಿತು. 2014ರ ಜೂನಿನಲ್ಲಿ ಅದನ್ನು ಜಗತ್ತಿನಲ್ಲೇ ಮೊದಲು ಅನುಮೋದಿಸಿದ್ದು ಭಾರತ. 2016ರ ಆಗಸ್ಟಿನಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ಶುರುವಾಯಿತು. ಅಚ್ಚು ಓದಲಾಗದವರು ಅದಕ್ಕೆ ಸದಸ್ಯರಾಗಬಹುದು.

2012ರ ವಿನಾಯಿತಿ ಸಂಘ ಸಂಸ್ಥೆಗಳಿಗಷ್ಟೇ ಅಲ್ಲ. ಓದಲಾಗದವರ ಸ್ವಂತ ಓದಿಗೆಂದು ಯಾರು ಬೇಕಾದರೂ ಪ್ರತಿ ಮಾಡಿಕೊಡಬಹುದು. ನಿಮ್ಮೂರಿನ ಹುಡುಗಿಯೊಬ್ಬಳ ಪಿಯುಸಿ ಗೈಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಅಕ್ಷರಕ್ಕಿಳಿಸಿ ಅವಳಿಗೆ ಕೊಟ್ಟರೆ ಅಪರಾಧವಲ್ಲ. ಹಾಳೆ ಮಡಿಕೆಯಿಲ್ಲದೆ ಬೆಳಕಿನಲ್ಲಿರಲಿ. ಕಳಿಸುವ ಮುನ್ನ ಒಂಬತ್ತು ಅಂಕಿ ಎಲ್ಲೆಲ್ಲಿ ನುಸುಳಿದೆ ಎಂದು ಹುಡುಕಿ.