ಟೀಕೆ ಎಂಬ ಮಾತು

ಟೀಕೆ ಎಂಬ ಮಾತು ಕಣ್ಣಿಗೆ ಬೀಳದ ದಿನಪತ್ರಿಕೆ ಇಂದು ದುರ್ಲಭ. ಒಬ್ಬರ ಭಾಷಣವು ಟೀಕೆಗೆ ಗುರಿಯಾಗುತ್ತದೆ. ಇನ್ನೊಬ್ಬರ ನಡತೆಯ ಮೇಲೆ ಟೀಕೆಯ ಸುರಿಮಳೆಯಾಗುತ್ತದೆ. ಮತ್ತೊಬ್ಬರು ಎದುರಾಳಿಯ ಮೇಲೆ ಟೀಕಾಪ್ರಹಾರವನ್ನೇ ಮಾಡುತ್ತಾರೆ. ಗುರಿ, ಪ್ರಹಾರ, ಅಸ್ತ್ರ ಎಂದು ಈ ಮಾತಿನ ಬಳಿಯಲ್ಲಿ ಬಂದು ನೆಲಸಿರುವ ಮಾತುಗಳೆಲ್ಲವೂ ರಣರಂಗದವು. ಆದರೆ ಇದೇ ಮಾತನ್ನು ಬಿರುದಾಗಿ ಧರಿಸಿ ಪೂಜ್ಯರಾದವರು ನಮ್ಮ ನಾಡಿನಲ್ಲಿಯೇ ಇದ್ದರು. ಮಳಖೇಡದೊಡನೆ ತಮ್ಮ ಹೆಸರು ಬೆಸೆದುಹೋಗಿರುವ, 14ನೆಯ ಶತಮಾನದ ಜಯತೀರ್ಥರನ್ನು ಮಾಧ್ವಪರಂಪರೆಯು ಟೀಕಾಚಾರ್ಯರೆಂದೇ ಕರೆದು ಕೈಮುಗಿಯುತ್ತದೆ. ಮಧ್ವಾಚಾರ್ಯರ ಮಾತು ಅಡಕವಾದುದು. ಆ ಅಡಕದೊಳಗೆ ಹುದುಗಿರುವುದನ್ನು ಶಿಷ್ಯರ ಕೈಗೆ ಎಟುಕುವಂತೆ ಬಿಡಿಸಿಟ್ಟವರು ಅವರೆಂಬುದೇ ಆ ಬಿರುದಿನ ತಾತ್ಪರ್ಯ. ಅಂದು ಇಷ್ಟು ಎತ್ತರದಲ್ಲಿದ್ದ ಮಾತು ಇಂದು ಬೈಗುಳದ ನೆರೆಮನೆಗೆ ಇಳಿದು ಬಂದಿದೆಯೆಂದರೆ, ನಡುವೆ ಕಳೆದುಹೋದುದು ಒಂದು ಪದದ ಅರ್ಥ ಮಾತ್ರವಲ್ಲ, ಓದುವ ಒಂದು ಕ್ರಮವೇ ಎಂಬುದು ನನ್ನ ಭಾವನೆ.

ಟೀಕಾ ಎಂಬ ಪದಕ್ಕೆ ಹಿಂದಿನವರು ಹೇಳಿರುವ ವ್ಯುತ್ಪತ್ತಿ ಬಹು ಸೊಗಸಾಗಿದೆ. ಅದರ ಧಾತುವಿಗೆ ಹೋಗುವುದು, ನಡೆಯುವುದು ಎಂದು ಅರ್ಥ. ಯಾವುದರಿಂದ ಗ್ರಂಥದ ಅರ್ಥದವರೆಗೆ ಹೋಗಿ ಸೇರಬಹುದೋ ಅದು ಟೀಕೆ. ಎಂದರೆ, ಟೀಕೆಯೆಂಬುದು ಒಂದು ದಾರಿ, ಟೀಕಾಕಾರನು ಆ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ನಡೆಯುವ ಜೊತೆಗಾರ. ಸಂಸ್ಕೃತದಲ್ಲಿ ಹುಟ್ಟಿದ ಈ ಪದ ಕನ್ನಡಕ್ಕೆ ಬಂದು ಟೀಕು ಎಂಬ ರೂಪವನ್ನೂ ತಳೆದು, ನಮ್ಮ ಓಲೆಗರಿಗಳಲ್ಲಿಯೂ ಹಳೆಯ ಅಚ್ಚಿನ ಪುಸ್ತಕಗಳಲ್ಲಿಯೂ ಮನೆಮಾಡಿಕೊಂಡಿತು. ಅಲ್ಲಮಪ್ರಭುವೇ ಮೊದಲಾದವರ ಬೆಡಗಿನ ವಚನಗಳು, ಹೇಳಿದುದೊಂದು ಹೊಳೆಯುವುದೊಂದು ಎಂಬಂತಿದ್ದು ಸಾಮಾನ್ಯ ಭಕ್ತನ ಕೈಗೆ ಸಿಕ್ಕದೆ ನುಣುಚಿಕೊಳ್ಳುತ್ತಿದ್ದಾಗ, ವಿಜಯನಗರದ ಪ್ರೌಢದೇವರಾಯನ ಕಾಲದ ಆಚೀಚೆ ಅವುಗಳಿಗೆ ಟೀಕೆಗಳನ್ನು ಬರೆದು, ಆ ಒಗಟುಗಳನ್ನು ಬಿಡಿಸಿ ಉಳಿಸಿಕೊಟ್ಟವರೂ ಟೀಕಾಕಾರರೇ.

ನನಗೆ ಈ ಮಾತಿನ ಹಳೆಯ ಅರ್ಥ ತಿಳಿದುದು ನಿಘಂಟಿನಿಂದಲ್ಲ, ನಮ್ಮ ತಾತನವರ ಮನೆಯ ಜಗಲಿಯಲ್ಲಿ. ಮಳೆಗಾಲದ ಸಂಜೆಗಳಲ್ಲಿ ಅಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ವಾಚನ ನಡೆಯುತ್ತಿತ್ತು. ವ್ಯಾಸಪೀಠದ ಮೇಲೆ ಸಟೀಕವಾದ ದಪ್ಪ ಪುಸ್ತಕ, ಅದರ ಪಕ್ಕದಲ್ಲಿ ಕಂಚಿನ ದೀಪ. ಊರಿನ ಶಾನುಭೋಗರು ವಾರ್ಧಕ ಷಟ್ಪದಿಯನ್ನು ರಾಗವಾಗಿ ಓದಿ ನಿಲ್ಲಿಸಿದರೆ, ತಾತನವರು ಪದಗಳನ್ನು ಬಿಡಿಸಿ, ಅನ್ವಯವನ್ನು ಕೂಡಿಸಿ, ಪ್ರತಿಪದಾರ್ಥವನ್ನು ಹೇಳಿ, ಕಡೆಯಲ್ಲಿ ತಾತ್ಪರ್ಯಕ್ಕೆ ಬರುತ್ತಿದ್ದರು. ಈ ಮೆಟ್ಟಿಲುಗಳಲ್ಲಿ ಒಂದನ್ನಾದರೂ ಹಾರಿದುದನ್ನು ನಾನು ಕಾಣೆ. ಚಂದ್ರಹಾಸನ ಕಥೆ ನಡೆಯುತ್ತಿದ್ದಾಗ ಒಂದು ಸಂಜೆ, ಹತ್ತು ಹನ್ನೊಂದು ವರ್ಷದ ನಾನು, ಶಾಲೆಯಲ್ಲಿ ಕಲಿತ ಜಾಣತನವನ್ನೆಲ್ಲ ಒಟ್ಟುಮಾಡಿಕೊಂಡು, “ಇದು ಚೆನ್ನಾಗಿಲ್ಲ ತಾತ, ಹೀಗೆ ಎಲ್ಲಾದರೂ ನಡೆಯುತ್ತದೆಯೆ?” ಎಂದುಬಿಟ್ಟೆ. ಮಂತ್ರಿಯಾದ ದುಷ್ಟಬುದ್ಧಿಯು ಚಂದ್ರಹಾಸನಿಗೆ ವಿಷವನ್ನು ಕೊಡುವಂತೆ ಮಗ ಮದನನಿಗೆ ಪತ್ರ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ಉಪವನದಲ್ಲಿ ಮಲಗಿದ್ದ ಅವನನ್ನು ಕಂಡ ಮಂತ್ರಿಯ ಮಗಳು ವಿಷಯೆಯು ಆ ಪತ್ರವನ್ನು ಬಿಚ್ಚಿ ಓದಿ, ಒಂದು ಅಕ್ಷರವನ್ನು ತಿದ್ದುತ್ತಾಳೆ. ವಿಷವೆಂದಿದ್ದುದು ವಿಷಯೆಯೆಂದಾಗಿ, ಸಾಯಬೇಕಾದವನು ಮದುವಣಿಗನಾಗುತ್ತಾನೆ. ತಂದೆಯ ಪತ್ರವನ್ನು ಮಗಳು ತಿದ್ದುವುದೆಂದರೇನು, ಒಂದು ಅಕ್ಷರದಿಂದ ಇಷ್ಟೆಲ್ಲ ಆಗುವುದೆಂದರೇನು ಎಂಬುದು ನನ್ನ ಆಕ್ಷೇಪ.

ತಾತನವರು ಕೋಪಿಸಿಕೊಳ್ಳಲಿಲ್ಲ. “ಚೆನ್ನಾಗಿಲ್ಲ ಅನ್ನಬಹುದು ಮಗು, ಯಾರು ಬೇಡ ಅಂದರು? ಮೊದಲು ಪದ್ಯ ಹೇಳು, ಅನ್ವಯ ಹೇಳು, ಅವಳು ಏನೆಂದುಕೊಂಡು ತಿದ್ದಿದಳೋ ಅದನ್ನು ಹೇಳು. ಆಮೇಲೆ ನಿನ್ನ ಆಕ್ಷೇಪ ಕೇಳೋಣ” ಎಂದರು. ಪದ್ಯವನ್ನು ಮತ್ತೆ ಓದಿಸಿದರು. ತಡವರಿಸುತ್ತ ಅನ್ವಯ ಮಾಡುತ್ತಿದ್ದಂತೆ, ಮೊದಲ ಸಲ ನನ್ನ ಕಿವಿಯ ಮೇಲೆ ಹಾದುಹೋಗಿದ್ದ ಒಂದು ಸಂಗತಿ ಕೈಗೆ ತಾಕಿತು. ವಿಷಯೆಯು ತಂದೆಯನ್ನು ವಂಚಿಸಬೇಕೆಂದು ತಿದ್ದಲಿಲ್ಲ. ತನ್ನ ಹೆಸರನ್ನು ಬರೆಯಹೊರಟ ತಂದೆಯು ಅವಸರದಲ್ಲಿ ಒಂದು ಅಕ್ಷರ ತಪ್ಪಿ ಬರೆದನೆಂದು ನಂಬಿ ತಿದ್ದಿದಳು. ದುಷ್ಟಬುದ್ಧಿಯ ಮಗಳಾಗಿಯೂ ಅವಳಿಗೆ ತಂದೆಯ ದುಷ್ಟಬುದ್ಧಿ ಹೊಳೆಯಲೇ ಇಲ್ಲ. ಕೇಡಿಗಾಗಿ ಬರೆದ ಅಕ್ಷರದಲ್ಲಿ ಅವಳು ಕಂಡುದು ಕೈತಪ್ಪನ್ನು ಮಾತ್ರ. ಆ ಕ್ಷಣಕ್ಕೆ ನನ್ನ ಆಕ್ಷೇಪ ತಾನಾಗಿಯೇ ಕರಗಿತು. ಅಸಂಭಾವ್ಯವೆಂದು ನಾನು ಬೆರಳಿಟ್ಟ ಜಾಗವೇ ಕಥೆಯ ಹೃದಯವಾಗಿತ್ತು. ಕಾವ್ಯದಲ್ಲಿ ದೋಷವಿತ್ತೆಂದು ನಾನು ತಿಳಿದೆ. ದೋಷವಿದ್ದುದು ನಾನು ಬಂದ ದಾರಿಯಲ್ಲಿ.

ಹಾಗೆಂದು ತಾತನವರು ಲಕ್ಷ್ಮೀಶನಲ್ಲಿ ದೋಷವನ್ನೇ ಕಾಣದವರಾಗಿರಲಿಲ್ಲ. ಮತ್ತೊಂದು ಸಂಜೆ, ಶ್ಲೇಷದ ಮೇಲೆ ಶ್ಲೇಷವನ್ನು ಹೇರಿದ ಒಂದು ವರ್ಣನೆಯನ್ನು ಪೂರ್ತಿಯಾಗಿ ಬಿಡಿಸಿ, ಪ್ರತಿಯೊಂದು ಅರ್ಥವನ್ನೂ ಕೇಳುವವರ ಮುಂದಿಟ್ಟಾದ ಮೇಲೆ, “ಇಲ್ಲಿ ಕವಿಗೆ ಅಲಂಕಾರದ ಆಸೆ ಸ್ವಲ್ಪ ಹೆಚ್ಚಾಯಿತು, ಕಥೆ ಕಾಯುತ್ತ ನಿಂತುಬಿಟ್ಟಿತು” ಎಂದರು. ಜಗಲಿಯಲ್ಲಿದ್ದವರೆಲ್ಲರೂ ಆ ಕವಿಯನ್ನು ಪ್ರಾಣದಂತೆ ಪ್ರೀತಿಸುವವರು; ಆದರೂ ಒಬ್ಬರಿಗೂ ಆ ಮಾತು ನೋವಾಗಲಿಲ್ಲ. ಏಕೆಂದರೆ ಅವರನ್ನು ಆ ಜಾಗದವರೆಗೆ ಕೈಹಿಡಿದು ಕರೆತಂದು, ಕವಿಯ ಶ್ರಮವನ್ನೆಲ್ಲ ತೋರಿಸಿದ ಬಳಿಕ ಬಂದ ಮಾತು ಅದು.

ಟೀಕೆಯ ಅರ್ಥ ಕೆಟ್ಟುದು ಎಲ್ಲಿ ಎಂಬುದಕ್ಕೆ ಈ ಎರಡು ಸಂಜೆಗಳಲ್ಲಿಯೇ ಉತ್ತರವಿದೆಯೆಂದು ನನಗೆ ತೋರುತ್ತದೆ. ತಪ್ಪನ್ನು ತೋರಿಸುವುದು ಟೀಕೆಗೆ ಹೊರಗಿನಿಂದ ಬಂದು ಸೇರಿದ ಗುಣವಲ್ಲ. ವ್ಯಾಖ್ಯಾನದ ಇನ್ನೊಂದು ಪ್ರಕಾರವಾದ ವಾರ್ತಿಕದ ಲಕ್ಷಣವನ್ನು ಹೇಳುವಾಗ ನಮ್ಮ ಪ್ರಾಚೀನರು, ಮೂಲದಲ್ಲಿ ಉಕ್ತವಾದುದು, ಅನುಕ್ತವಾದುದು, ದುರುಕ್ತವಾದುದು ಎಂಬ ಮೂರನ್ನೂ ಚಿಂತಿಸಬೇಕೆಂದು ವಿಧಿಸಿದ್ದಾರೆ. ಹೇಳಿದುದನ್ನು ತಿಳಿಯಬೇಕು, ಹೇಳದೆ ಬಿಟ್ಟುದನ್ನು ಊಹಿಸಬೇಕು, ಅನಂತರ ಕೆಟ್ಟದಾಗಿ ಹೇಳಿದುದನ್ನು ಎತ್ತಿ ತೋರಿಸಬೇಕು. ಮೂರನೆಯದು ಮೊದಲಿನ ಎರಡರ ಹೆಗಲ ಮೇಲೆ ನಿಂತಿರುವವರೆಗೆ ಟೀಕೆಗೆ ಗೌರವವಿತ್ತು. ಮೊದಲೆರಡರ ಶ್ರಮವನ್ನು ಬಿಟ್ಟು ಮೂರನೆಯದನ್ನು ಮಾತ್ರ ಹಿಡಿದುಕೊಂಡಂದು, ಒಂದು ಭಾಗವು ಇಡಿಯನ್ನು ನುಂಗಿತು. ಮಾತಿನ ಅರ್ಥವೂ ಹಾಗೆಯೇ ಕುಗ್ಗಿತು. ನೆರೆಯ ಮರಾಠಿಯಲ್ಲಿಯೂ ಈ ಪದಕ್ಕೆ ಇದೇ ಗತಿ ಬಂದಿರುವುದನ್ನು ನೋಡಿದರೆ, ಇದು ಒಂದು ನುಡಿಯ ದೋಷವಲ್ಲ, ಅವಸರದಿಂದ ಓದುವ ಕಾಲದ ದೋಷವೆನ್ನಬೇಕಾಗುತ್ತದೆ.

ಟೀಕಾಕಾರನಿಗೆ ತನ್ನ ಕೆಲಸದ ವಿಷಯದಲ್ಲಿ ಎಂತಹ ಅರಿವಿರಬಹುದೆಂಬುದಕ್ಕೆ ಕೋಲಾಚಲ ಮಲ್ಲಿನಾಥನಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕಾಳಿದಾಸನ ವಾಣಿಯು ಕೆಟ್ಟ ವ್ಯಾಖ್ಯಾನಗಳ ವಿಷದಿಂದ ಮೂರ್ಛೆಹೋಗಿದೆಯೆಂದು ನೊಂದು, ಅದನ್ನು ಎಚ್ಚರಿಸಲೆಂದು ಬರೆದ ತನ್ನ ಟೀಕೆಗೆ ಅವನು ಸಂಜೀವಿನಿಯೆಂದು ಹೆಸರಿಟ್ಟನು. ಭಾರವಿಯ ಮಾತನ್ನು ತೆಂಗಿನಕಾಯಿಗೆ ಹೋಲಿಸಿ, ಒಡೆದು ಒಳಗಿನ ಸವಿಯನ್ನು ರಸಿಕರಿಗೆ ಉಣಿಸುವುದು ತನ್ನ ಕೆಲಸವೆಂದನು. ಮಾಘನ ಕಾವ್ಯಕ್ಕೆ ಬರೆದ ಟೀಕೆಯ ಹೆಸರು ಸರ್ವಂಕಷಾ. ಇಂದು ನಾವು ಸರ್ವಂಕಷವಾದ ಅಧ್ಯಯನವೆಂದು ಸಲೀಸಾಗಿ ಆಡುವ ಮಾತು ಅದೇ. ಎಲ್ಲವನ್ನೂ ಉಜ್ಜಿ ನೋಡುವುದು ಎಂಬುದು ಅದರ ಅರ್ಥ. ಅಕ್ಕಸಾಲಿಗನ ಒರೆಗಲ್ಲಿಗಿರುವ ನಿಕಷವೆಂಬ ಹೆಸರೂ ಅದೇ ಧಾತುವಿನದು. ಆಧಾರವಿಲ್ಲದುದನ್ನು ಬರೆಯುವುದಿಲ್ಲ, ಬೇಡವಾದುದನ್ನು ಹೇಳುವುದಿಲ್ಲ ಎಂಬ ಅವನ ಪ್ರತಿಜ್ಞೆಯನ್ನು, ಪುಸ್ತಕಗಳ ಮೇಲೆ ಬರೆಯಲು ಲೇಖನಿಯನ್ನೆತ್ತುವ ಪ್ರತಿಯೊಬ್ಬರೂ ದಿನಕ್ಕೊಮ್ಮೆ ನೆನೆದರೆ ಸಾಹಿತ್ಯಕ್ಕೆ ಕ್ಷೇಮ.

ಟೀಕೆ ಎಂಬ ಮಾತು ಹೀಗೆ ಸವೆದುಹೋದ ಮೇಲೆ, ನಾವು ಅದರ ಜಾಗದಲ್ಲಿ ವಿಮರ್ಶೆಯೆಂಬುದನ್ನು ತಂದು ಕೂರಿಸಿದೆವು. ಮಾಸ್ತಿಯವರು ತಮ್ಮ ಪ್ರಬಂಧ ಸಂಪುಟಗಳಿಗೆ ಆ ಒಂದು ಪದವನ್ನೇ ಹೆಸರಾಗಿಟ್ಟರು. ಇದರ ಹುಟ್ಟೂ ಚೆಲುವಾದುದೇ: ಧಾತುವಿನ ಮೂಲಾರ್ಥ ಮುಟ್ಟುವುದು, ಕೈಯಿಂದ ಸವರುವುದು. ಟೀಕೆಯು ಅರ್ಥದ ಬಳಿಗೆ ಹೋಗುವುದಾದರೆ, ವಿಮರ್ಶೆಯು ಹೋದ ಮೇಲೆ ಮುಟ್ಟಿ ನೋಡುವುದು. ಹೋಗದೆ ಮುಟ್ಟುವುದು ಹೇಗೆ? ಈ ಎರಡು ಪದಗಳನ್ನು ಬೇರೆ ಬೇರೆಯಾಗಿಟ್ಟುಕೊಂಡು, ಒಂದು ಪಂಡಿತರ ಕೆಲಸ, ಇನ್ನೊಂದು ವಿಮರ್ಶಕರ ಕೆಲಸ ಎಂದು ಹಂಚಿಕೊಟ್ಟುದರಿಂದ ನಮಗಾಗಿರುವ ನಷ್ಟ ಸಣ್ಣದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಸಂಧಿಗಳು ಐದು. ಫಲವು ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ಸಂಶಯವೂ ವಿಘ್ನವೂ ತಲೆದೋರಿ, ಎಲ್ಲವನ್ನೂ ಮತ್ತೊಮ್ಮೆ ತೂಗಿ ನೋಡಬೇಕಾಗುವ ನಾಲ್ಕನೆಯ ಘಟ್ಟಕ್ಕೆ ವಿಮರ್ಶವೆಂದು ಹೆಸರು. ಅದು ಕೊನೆಯದಲ್ಲ, ಕೊನೆಗಿಂತ ಒಂದು ಮೆಟ್ಟಿಲು ಕೆಳಗಿನದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿ, ಇದನ್ನು ಪೂರ್ತಿಯಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡೆಂದು ಅರ್ಜುನನಿಗೇ ಬಿಡುತ್ತಾನೆ. ನಿರ್ವಹಣವು ಓದುಗನದು, ಅಲ್ಲಿಯವರೆಗೆ ಅವನನ್ನು ತಂದು ಬಿಡುವುದು ವಿಮರ್ಶಕನ ಪಾಲಿನದು.

ಈ ಕೆಲಸ ಕೆಡುವ ಬಗೆಗಳನ್ನು ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಸಾವಿರ ವರ್ಷಗಳ ಹಿಂದೆಯೇ ಹೆಸರಿಸಿದ್ದಾನೆ. ಕಾವ್ಯವನ್ನು ಆಸ್ವಾದಿಸುವ ಭಾವಕರಲ್ಲಿ ನಾಲ್ಕು ಬಗೆ: ಯಾವುದೂ ರುಚಿಸದ ಅರೋಚಕಿ, ಹುಲ್ಲನ್ನೂ ಅನ್ನವನ್ನೂ ಒಟ್ಟಿಗೆ ತಿನ್ನುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ತಿರುಳನ್ನು ಹಿಡಿಯುವ ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರದಲ್ಲಿ ಒಬ್ಬನಿದ್ದರೆ ಉಂಟು. ಮತ್ಸರಿಯ ಅಪಾಯ ಎಲ್ಲರಿಗೂ ತಿಳಿದದ್ದೇ. ಬಂದುದನ್ನೆಲ್ಲ ಹೊಗಳುವ ಎರಡನೆಯವನ ಅಪಾಯ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಆದರೆ ಒಳ್ಳೆಯದನ್ನೂ ಸಾಮಾನ್ಯವನ್ನೂ ಒಂದೇ ಮಾತಿನಿಂದ ಹೊಗಳಿದಾಗ ಮೋಸಹೋಗುವವನು ಒಳ್ಳೆಯದನ್ನು ಬರೆದವನೇ. ಕನ್ನಡಕ್ಕೆ ದೊರೆತಿರುವ ಮೊದಲ ಕೃತಿಯಾದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಿಟ್ಟಿತೆಂಬುದನ್ನು ನಾವು ಮರೆಯಬಾರದು. ಅಷ್ಟೇ ಮುಖ್ಯವಾದುದೆಂದರೆ, ಅದು ಕೆಟ್ಟ ಪ್ರಯೋಗವನ್ನು ತೋರಿಸಿ ಅಲ್ಲಿಗೇ ಕೈಬಿಡುವುದಿಲ್ಲ; ಅದೇ ಭಾವವನ್ನು ಸರಿಯಾಗಿ ಹೇಳುವುದು ಹೇಗೆಂಬುದನ್ನೂ ಪಕ್ಕದಲ್ಲಿಡುತ್ತದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ಆಸ್ಥಾನವಿದ್ದುದು ಮಾನ್ಯಖೇಟದಲ್ಲಿ. ಅದೇ ಇಂದಿನ ಮಳಖೇಡ, ಟೀಕಾಚಾರ್ಯರನ್ನು ನೆನೆಯುವಾಗ ನಾಲಗೆಗೆ ಬರುವ ಊರು.

ಹೋಗುವುದೂ ಮುಟ್ಟುವುದೂ ಒಂದಾದಾಗ ಏನಾಗುತ್ತದೆಂಬುದನ್ನು ನಮ್ಮ ಕಾಲದ ಹತ್ತಿರದಲ್ಲಿಯೇ ಕಂಡಿದ್ದೇವೆ. ರನ್ನನು ಗದಾಯುದ್ಧದಲ್ಲಿ ತನ್ನ ಆಶ್ರಯದಾತನನ್ನು ಭೀಮನೊಡನೆ ಸಮೀಕರಿಸಿ ಕಾವ್ಯವನ್ನು ಕಟ್ಟಿದನು. ನಾಯಕನು ಭೀಮನೆಂಬುದರಲ್ಲಿ ಹೊರನೋಟಕ್ಕೆ ಸಂದೇಹವಿಲ್ಲ. ಆದರೆ ರಣಭೂಮಿಯಲ್ಲಿ ದುರ್ಯೋಧನನು ಹೆಣಗಳ ನಡುವೆ ಹೆಜ್ಜೆಯಿಡುತ್ತ, ದ್ರೋಣನನ್ನು, ದುಶ್ಶಾಸನನನ್ನು, ಮಗ ಲಕ್ಷಣನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಮಿಡುಕುವಾಗ, ಕವಿಯ ಹೃದಯವು ಅವನ ಜೊತೆಯಲ್ಲಿಯೇ ನಡೆಯುತ್ತಿದೆ. ಗ್ರೀಕ್ ರುದ್ರನಾಟಕಗಳಲ್ಲಿ ಬಹುಕಾಲ ಮುಳುಗಿದ್ದ ಬಿ.ಎಂ.ಶ್ರೀ. ಅವರು ಈ ಹೆಜ್ಜೆಗಳನ್ನು ಬೆನ್ನುಹತ್ತಿ ಹೋಗಿ, ಆ ಕಾವ್ಯದೊಳಗೆ ಹುದುಗಿದ್ದ ದುರಂತ ನಾಯಕನನ್ನು ಎತ್ತಿ ತೋರಿಸಿ, ಅದನ್ನು ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ತಂದರು. ಅವರು ರನ್ನನಿಗೆ ಇಲ್ಲದ ಗುಣವನ್ನು ತೊಡಿಸಲಿಲ್ಲ. ಒಂಬತ್ತು ಶತಮಾನಗಳ ಕಾಲ ಅಲ್ಲಿಯೇ ಇದ್ದುದನ್ನು ಮುಟ್ಟಿದರು. ಅಂದಿನಿಂದ ಕನ್ನಡಿಗನು ದುರ್ಯೋಧನನನ್ನು ಮೊದಲಿನ ಕಣ್ಣಿನಿಂದ ನೋಡುವುದು ಸಾಧ್ಯವಾಗಿಲ್ಲ.

ಅದೇ ರನ್ನನು 993ರ ತನ್ನ ಅಜಿತಪುರಾಣದಲ್ಲಿ ವಿಮರ್ಶಕನಿಗೆ ಒಂದು ಸವಾಲನ್ನು ಎಸೆದಿದ್ದಾನೆ. ಆದಿಶೇಷನ ಹೆಡೆಯ ರತ್ನವನ್ನೂ ತನ್ನ ಕೃತಿರತ್ನವನ್ನೂ ಪರೀಕ್ಷಿಸಹೊರಡುವವನಿಗೆ ಎಂಟು ಎದೆಗಳಿರಬೇಕೆಂಬುದು ಅದರ ಭಾವ. ಇದನ್ನು ಕವಿಯ ಗರ್ವವೆಂದು ಓದುವುದು ವಾಡಿಕೆ. ನನಗೆ ಇದರಲ್ಲಿ ಪರೀಕ್ಷಕನಿಗೆ ಸಲ್ಲಿಸಿದ ಮನ್ನಣೆಯೂ ಕಾಣುತ್ತದೆ. ಹೆಡೆಯ ಮಣಿಯನ್ನು ದೂರ ನಿಂತು ಬೆಲೆಕಟ್ಟಲಾಗುವುದಿಲ್ಲ. ಹಾವಿನ ಹತ್ತಿರಕ್ಕೆ ಹೋಗಬೇಕು, ಕೈ ನೀಡಿ ಮುಟ್ಟಬೇಕು. ಎಂಟೆದೆ ಬೇಕಾಗುವುದು ಕಚ್ಚುವುದಕ್ಕಲ್ಲ, ಅಷ್ಟು ಹತ್ತಿರ ಹೋಗುವುದಕ್ಕೆ.

ಶ್ಲೇಷದ ಹೊರೆ ಹೆಚ್ಚಾಯಿತೆಂದು ತಾತನವರು ಹೇಳಿದ ಆ ಸಂಜೆ, ಮಂಗಳ ಹಾಡಿ ಎಲ್ಲರೂ ಎದ್ದ ಮೇಲೆ, ಅವರು ಎಂದಿನಂತೆ ನವಿಲುಗರಿಯನ್ನು ಹಾಳೆಗಳ ನಡುವೆ ಗುರುತಿಗೆ ಇಟ್ಟು, ಪುಸ್ತಕವನ್ನು ಮುಚ್ಚಿ, ಅದರ ಮೇಲೆ ಒಮ್ಮೆ ಕೈಯಾಡಿಸಿ, ಎರಡು ಕೈಗಳಿಂದಲೂ ಎತ್ತಿ ಕಣ್ಣಿಗೆ ಒತ್ತಿಕೊಂಡರು.