ಮೂಗಿಗಿಂತ ಮೂಗುತಿ ಭಾರ: ಒಂದು ಆಭರಣದ ಇತಿಹಾಸ ಮತ್ತು ಅಳತೆ

‘ಮೂಗಿಗಿಂತ ಮೂಗುತಿ ಭಾರ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆದಾಯಕ್ಕೆ ಮೀರಿದ ವೆಚ್ಚವನ್ನೋ, ಕಾರ್ಯಕ್ಕೆ ಮೀರಿದ ಆಡಂಬರವನ್ನೋ ಹಂಗಿಸಬೇಕಾದಾಗ ನಾವು ಈ ಮಾತನ್ನು ಆಡುತ್ತೇವೆ. ಆದರೆ ಗಾದೆಯ ಹಿಂದೆ ನಿಜವಾದ ಒಂದು ಮೂಗೂ ನಿಜವಾದ ಒಂದು ಮೂಗುತಿಯೂ ಇದ್ದವೆಂಬುದನ್ನು ಮರೆಯಲಾಗದು. ಚುಚ್ಚಿದ ಮೂಗಿಗೆ ಎಷ್ಟು ಅಗಲದ, ಎಷ್ಟು ದಪ್ಪದ, ಎಷ್ಟು ತೂಕದ ಉಂಗುರ ಹೊಂದೀತು ಎಂಬುದು ಮನೆಯ ಹೆಂಗಸರೂ ಪತ್ತಾರನೂ ಕೂಡಿ ಬಿಡಿಸುತ್ತಿದ್ದ ಪ್ರಶ್ನೆ. ಪಂಡಿತರು ಅದನ್ನು ಹೆಚ್ಚಾಗಿ ಕೈಬಿಟ್ಟಿದ್ದಾರೆ.

ಧನ್ವಾಡ, ನಾರಾಯಣಪೇಟೆ, ಮಖ್ತಲ್, ಗದ್ವಾಲ್‌ಗಳ ಈ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ಭಾಷೆಗಳು ಒಂದೇ ಸಂತೆಯಲ್ಲಿ ಕಲೆಯುತ್ತವೆ. ಆದ್ದರಿಂದ ಈ ಪ್ರಶ್ನೆಯನ್ನು ಪರಿಶೀಲಿಸಲು ಇದು ತಕ್ಕ ಸ್ಥಳ. ವಿಷಯ ಚಿಕ್ಕದೆಂದು ತೋರಬಹುದು. ಆದರೆ ‘ಮೂಗುತಿ ಅನಾದಿ ಕಾಲದ ಸಂಪ್ರದಾಯ, ಅದರ ಗಾತ್ರ, ಮಗ್ಗುಲು ಎಲ್ಲವೂ ಶಾಸ್ತ್ರದಿಂದಲೇ ನಿಶ್ಚಿತ’ ಎಂದು ಹೇಳಿ ಬಾಲಕಿಯರ ಎಳೆಯ ಮೂಗಿಗೆ ಭಾರ ಹೇರುವವರು ಇಂದಿಗೂ ಇದ್ದಾರೆ. ಇತಿಹಾಸವು ಹಾಗೆ ಹೇಳುತ್ತದೆಯೆ ಎಂಬುದನ್ನು ಅಧ್ಯಾಪಕರಾದ ನಾವು ನೋಡಬೇಕಾಗಿದೆ.

ಪ್ರಾಚೀನತೆಯ ಪ್ರಶ್ನೆ

ಅಮರಕೋಶವು ತಲೆ, ಕಿವಿ, ಕೊರಳು, ತೋಳು, ಬೆರಳು, ನಡು, ಕಾಲು ಇವುಗಳ ಆಭರಣಗಳಿಗೆಲ್ಲ ಹೆಸರು ಕೊಡುತ್ತದೆ. ಮೂಗಿನ ಆಭರಣಕ್ಕೆ ಮಾತ್ರ ಅದರಲ್ಲಿ ಹೆಸರಿಲ್ಲ. ಸುಶ್ರುತ ಸಂಹಿತೆಯು ಮಗುವಿನ ಕಿವಿ ಚುಚ್ಚುವ ಕ್ರಮವನ್ನು ವಿವರವಾಗಿ ಹೇಳುತ್ತದೆ. ತೂತು ಹಿಗ್ಗಬೇಕಾದರೆ ಮೂರು ಮೂರು ದಿನಕ್ಕೊಮ್ಮೆ ಮೊದಲಿನದಕ್ಕಿಂತ ದಪ್ಪನಾದ ಬತ್ತಿಯನ್ನು ಇಡಬೇಕೆಂದು ವಿಧಿಸುತ್ತದೆ. ಕಿವಿಯ ತೂತಿನ ಅಳತೆಗೆ ಇಷ್ಟು ಗಮನ ಕೊಟ್ಟ ಗ್ರಂಥ ಆಭರಣಕ್ಕಾಗಿ ಮೂಗು ಚುಚ್ಚುವ ವಿಚಾರವನ್ನೇ ಎತ್ತುವುದಿಲ್ಲ.

ಶಿಲ್ಪಗಳ ಸಾಕ್ಷ್ಯವೂ ಹೀಗೆಯೆ. ಅಜಂತೆಯ ಚಿತ್ರಗಳಲ್ಲಿ, ಬಾದಾಮಿಯ ಗುಹೆಗಳಲ್ಲಿ, ಕ್ರಿ. ಶ. 1117ರ ಬೇಲೂರಿನ ಮದನಿಕೆಯರಲ್ಲಿ ಆಭರಣಗಳಿಗೆ ಬಡತನವಿಲ್ಲ. ಅಷ್ಟಿದ್ದೂ ಮೂಗು ಬರಿದಾಗಿದೆ. ನಮ್ಮ ಸೀಮೆಗೆ ಸಮೀಪದ ಆಲಂಪುರದಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ಶಾಲಾ ಪ್ರವಾಸಕ್ಕೆ ಅಲ್ಲಿಗೆ ಹೋಗುವವರು ಶಿಲ್ಪದ ಕಿವಿಯನ್ನೂ ಮೂಗನ್ನೂ ಹೋಲಿಸಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಡಬಹುದು.

ಡಾ. ಅ. ಸ. ಆಳ್ತೇಕರರು 1938ರಲ್ಲಿ ಪ್ರಕಟವಾದ ಸ್ತ್ರೀಯರ ಸ್ಥಾನಮಾನ ಕುರಿತ ಗ್ರಂಥದಲ್ಲಿ ಇಂಥ ಆಧಾರಗಳಿಂದಲೇ ಮೂಗಿನ ಆಭರಣವು ಪ್ರಾಚೀನ ಹಿಂದೂಕಾಲದಲ್ಲಿ ಇರಲಿಲ್ಲವೆಂದು ವಾದಿಸಿದರು. ಪುಣೆಯ ಪರಶುರಾಮ ಕೃಷ್ಣ ಗೋಡೆ ಅವರು ‘ನಥ’ದ ಪ್ರಾಚೀನತೆಯನ್ನೇ ವಿಷಯವಾಗಿಸಿಕೊಂಡು ಸಾಹಿತ್ಯದ ಆಧಾರಗಳನ್ನು ಕಲೆಹಾಕಿದರು. ಲಲಿತಾ ಸಹಸ್ರನಾಮದಲ್ಲಿ ದೇವಿಯ ನಾಸಾಭರಣದ ವರ್ಣನೆ ಇದೆಯಲ್ಲ ಎಂದು ವಾಚಕರು ಕೇಳಬಹುದು. ಇದೆ, ನಿಜ. ಆದರೆ ಇಂಥ ಸ್ತೋತ್ರಗಳ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದುದರಿಂದ ಅವುಗಳಿಂದ ಆಭರಣದ ಕಾಲವನ್ನು ನಿರ್ಣಯಿಸುವುದು ಕಷ್ಟ.

ಪಶ್ಚಿಮ ಏಷ್ಯದಲ್ಲಿ ಸ್ಥಿತಿ ಬೇರೆ. ಬೈಬಲಿನ ಆದಿಕಾಂಡದಲ್ಲಿ ರೆಬೆಕ್ಕಳಿಗೆ ಕೊಟ್ಟ ಚಿನ್ನದ ಮೂಗುತಿಯ ತೂಕವನ್ನೇ ಹೇಳಿದೆ: ಅರ್ಧ ಶೆಕೆಲ್. ಅದು ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಅರ್ಧ ತೊಲೆ. ಈ ಆಭರಣವು ಪಶ್ಚಿಮದಿಂದ ಬಂದಿತೆಂಬ ಅಭಿಪ್ರಾಯಕ್ಕೆ ಇಂಥ ಉಲ್ಲೇಖಗಳೇ ಬಲ.

ನಮ್ಮ ನಾಡಿನ ಮಟ್ಟಿಗೆ ಕಾಲ ನಿಶ್ಚಿತವಾದ ಸ್ಪಷ್ಟ ವರ್ಣನೆ ದೊರೆಯುವುದು ಪೋರ್ಚುಗೀಸ ಬಾರ್ಬೋಸನ ಬರಹದಲ್ಲಿ. ಸುಮಾರು 1516ರಲ್ಲಿ ವಿಜಯನಗರದ ಸ್ತ್ರೀಯರನ್ನು ವರ್ಣಿಸುತ್ತ, ಅವರು ಮೂಗಿನ ಒಂದೇ ಮಗ್ಗುಲನ್ನು ಚುಚ್ಚಿಸಿ, ಚಿನ್ನದ ಎಳೆಯಿಂದ ಮುತ್ತನ್ನೋ ಕೆಂಪನ್ನೋ ನೀಲವನ್ನೋ ತೂಗಬಿಡುತ್ತಿದ್ದರೆಂದು ಆತ ಬರೆದಿದ್ದಾನೆ. ಇಲ್ಲಿ ಚಿನ್ನವು ಕೇವಲ ಎಳೆ; ಶೋಭೆಯೆಲ್ಲ ಹರಳಿನದು. ರಾಯಚೂರಿಗಾಗಿ ವಿಜಯನಗರವೂ ಬಿಜಾಪುರವೂ 1520ರಲ್ಲಿ ಕಾದಿದ ಕಾಲವೂ ಇದೇ. ಎರಡು ಹೊಳೆಗಳ ನಡುವಣ ಗದ್ವಾಲಿನ ನೆಲ ಆ ಹೋರಾಟದ ನೆರೆಯಲ್ಲಿಯೆ ಇತ್ತು.

ಅದೇ ಶತಮಾನದ ಪುರಂದರದಾಸರ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಶ್ರೀನಿವಾಸನಾಯಕರ ಮಡದಿ ಬಡ ಬ್ರಾಹ್ಮಣನಿಗೆ ದಾನವಿತ್ತ ಮೂಗುತಿಯು ನಾಯಕರ ಅಂಗಡಿಗೇ ಮಾರಾಟಕ್ಕೆ ಬರುತ್ತದೆ. ನಾಯಕರು ಕಂಡೊಡನೆ ಅದು ತಮ್ಮ ಮನೆಯದೆಂದು ಗುರುತಿಸುತ್ತಾರೆ. ಕಥೆಯನ್ನು ಭಕ್ತಿಯ ದೃಷ್ಟಿಯಿಂದ ಎಲ್ಲರೂ ಬಲ್ಲರು. ನಮ್ಮ ವಿಷಯಕ್ಕೆ ಬೇಕಾದ ಅಂಶ ಇಷ್ಟೆ: ಒಬ್ಬಳ ಮೂಗುತಿ ಇನ್ನೊಬ್ಬಳದರಂತೆ ಇರುವುದಿಲ್ಲವೆಂಬುದನ್ನು ಕಥೆ ಹೇಳಿದವರೂ ಕೇಳಿದವರೂ ಸಹಜವಾಗಿ ಒಪ್ಪಿದ್ದರು. ಅದು ಆ ಒಂದು ಮೂಗಿಗಾಗಿಯೆ ಮಾಡಿಸಿದ ಒಡವೆ.

ಹೆಸರು ಮತ್ತು ಗಾತ್ರ

ಗಡಿನಾಡಿನಲ್ಲಿ ಬಳಕೆಯ ಹೆಸರುಗಳು ಹಲವು. ಅವುಗಳಲ್ಲಿ ಗಾತ್ರದ ಸುಳಿವೂ ಅಡಗಿದೆ. ಮೂಗುಬೊಟ್ಟು ಎಂದರೆ ಹೊಳ್ಳೆಗೆ ಅಂಟಿಕೊಂಡು ಕೂರುವ ಚಿಕ್ಕ ಒಡವೆ. ತೆಲುಗಿನ ‘ಮುಕ್ಕುಪುಡಕ’ದಲ್ಲಿ ಪುಡಕ ಎಂದರೆ ಸಣ್ಣ ಕಡ್ಡಿ. ಹೊಸದಾಗಿ ಚುಚ್ಚಿದ ಮೂಗಿಗೆ ಬೇವಿನ ಕಡ್ಡಿ ಇಡುವ ರೂಢಿಯನ್ನು ಬಲ್ಲವರಿಗೆ ಈ ಹೆಸರು ವಿವರಣೆ ಬೇಡುವುದಿಲ್ಲ. ನಮ್ಮ ಮೂಗುತಿಯೂ ತಮಿಳಿನ ‘ಮೂಕ್ಕುತ್ತಿ’ಯೂ ಒಂದೇ ಬಳ್ಳಿಯವು; ಚುಚ್ಚು ಎಂಬರ್ಥದ ‘ಕುತ್ತು’ ಅದರಲ್ಲಿ ಸೇರಿರುವಂತೆ ತೋರುತ್ತದೆ.

ನತ್ತಿನ ಕಥೆ ಬೇರೆ. ಮರಾಠಿಯ ನಥ, ಹಿಂದಿಯ ನಥ್, ನಮ್ಮ ನತ್ತು ಎಲ್ಲವೂ ಪ್ರಾಕೃತದ ‘ಣತ್ಥಾ’ ಶಬ್ದದ ಸಂತಾನ. ಆ ಶಬ್ದದ ಅರ್ಥ ಎತ್ತಿನ ಮೂಗುದಾರ! ಇನ್ನು ಎರಡು ಹೊಳ್ಳೆಗಳ ನಡುವಣ ಗೋಡೆಯಿಂದ ತುಟಿಯ ಮೇಲೆ ತೂಗುವ ಬುಲಾಕಿನ ಹೆಸರು ತುರ್ಕಿ ಕಡೆಯಿಂದ ಬಂದುದೆನ್ನುತ್ತಾರೆ. ಹೀಗೆ ಚುಚ್ಚುವ ಒಡವೆಗೆ ದ್ರಾವಿಡ ಹೆಸರು, ಬಳಸಿ ತೂಗುವ ಒಡವೆಗೆ ಹೊರಗಿನಿಂದ ಬಂದ ಹೆಸರು. ಮಗ್ಗುಲಿನ ವಿಷಯದಲ್ಲಿಯೂ ಹೀಗೆಯೆ ಬೆರಕೆ: ದಕ್ಷಿಣದಲ್ಲಿ ಬಲಹೊಳ್ಳೆ ರೂಢಿಯಾದರೆ ಮರಾಠಿ ಸೀಮೆಯಲ್ಲಿ ಎಡಹೊಳ್ಳೆ, ಎರಡನ್ನೂ ಚುಚ್ಚಿಸುವ ಮನೆತನಗಳೂ ಉಂಟು. ಎಲ್ಲೆಡೆಗೂ ಸಲ್ಲುವ ಒಂದೇ ವಿಧಿ ಇದ್ದಿದ್ದರೆ ಈ ಭೇದ ಇರುತ್ತಿರಲಿಲ್ಲ.

ಗುಲಗಂಜಿಯ ಲೆಕ್ಕ

ಈಗ ಅಳತೆಗೆ ಬರೋಣ. ಉಂಗುರವು ತೂತಿನಿಂದ ಹೊರಟು ಹೊಳ್ಳೆಯ ಅಂಚನ್ನು ಬಳಸಿ ಬರಬೇಕು. ಆದುದರಿಂದ ತೂತಿನಿಂದ ಅಂಚಿನವರೆಗಿನ ದೂರವೇ ಮೂಲ ಅಳತೆ. ಉಂಗುರದ ಒಳವ್ಯಾಸ ಅದಕ್ಕಿಂತ ತುಸು ಹೆಚ್ಚಿರಬೇಕು. ಕಡಿಮೆಯಾದರೆ ಅಂಚು ಹಿಸುಕಿ ಬಾತುಕೊಳ್ಳುತ್ತದೆ. ಬಹಳ ಹೆಚ್ಚಾದರೆ ಸೆರಗಿಗೆ, ಟವಲಿಗೆ ಸಿಕ್ಕಿ ಎಳೆಯುತ್ತದೆ. ಸಾಮಾನ್ಯವಾಗಿ 8 ಮಿಲಿಮೀಟರ್ ಒಳವ್ಯಾಸವೂ 0.8ರಿಂದ 1 ಮಿಲಿಮೀಟರ್ ದಪ್ಪದ ತಂತಿಯೂ ಬಹುಮಂದಿಗೆ ಹೊಂದುತ್ತವೆ. ಮನೆಯಲ್ಲಿ ಹೊಂದಿ ಕುಳಿತ ಹಳೆಯ ಉಂಗುರವಿದ್ದರೆ ಅದರ ಒಳಸುತ್ತಿಗೆ ದಾರವಿಟ್ಟು ಅಳೆದು, ಉದ್ದವನ್ನು 3.14ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. 25 ಮಿಲಿಮೀಟರ್ ದಾರವೆಂದರೆ 8 ಮಿಲಿಮೀಟರ್ ಉಂಗುರ.

ಇಷ್ಟು ಗಾತ್ರದ 22 ಕ್ಯಾರೆಟ್ ಉಂಗುರವನ್ನು 0.8 ಮಿಲಿಮೀಟರ್ ತಂತಿಯಲ್ಲಿ ಮಾಡಿದರೆ ತೂಕ ಸುಮಾರು ಕಾಲು ಗ್ರಾಂ. ಹಳೆಯ ಲೆಕ್ಕದಲ್ಲಿ ತೊಲೆಗೆ 12 ಮಾಸಿ, ಮಾಸಿಗೆ 8 ಗುಲಗಂಜಿ. ತೊಲೆ 11.66 ಗ್ರಾಂ ಆದುದರಿಂದ ಗುಲಗಂಜಿ 0.12 ಗ್ರಾಂ. ಎಂದರೆ ನಮ್ಮ ಉಂಗುರ ಎರಡು ಗುಲಗಂಜಿ ತೂಗುತ್ತದೆ. ಈಗ ಅಗಲವನ್ನೂ ತಂತಿಯ ದಪ್ಪವನ್ನೂ ಇಮ್ಮಡಿಗೊಳಿಸಿರಿ. ತೂಕ ನಾಲ್ಕು ಗುಲಗಂಜಿ ಆಗುವುದಿಲ್ಲ. ಹದಿನಾರಾಗುತ್ತದೆ, ಎಂದರೆ ಎರಡು ಮಾಸಿ. ಅಳತೆ ಎರಡು ಮಡಿಯಾದರೆ ಭಾರ ಎಂಟು ಮಡಿ. ಗಾದೆಯ ಒಳಮರ್ಮ ಇದೇ: ಕಣ್ಣಿಗೆ ತುಸು ದೊಡ್ಡದಾಗಿ ಕಂಡ ಮೂಗುತಿ ಮೂಗಿಗೆ ಬಹಳ ದೊಡ್ಡದು. ದೊಡ್ಡ ನತ್ತಿನ ಭಾರವನ್ನು ಸರಪಳಿಯಿಂದಲೋ ದಾರದಿಂದಲೋ ಕೂದಲಿಗೆ ಹಂಚಿದ ಹಿರಿಯರಿಗೆ ಇದು ಅನುಭವದಿಂದ ತಿಳಿದಿತ್ತು.

ದಪ್ಪದ ವಿಷಯದಲ್ಲಿ ಒಂದು ಮಾತು. ತಂತಿ ತೀರ ಸಪುರಾದರೆ ಹಗುರವೇನೋ ಸರಿ. ಆದರೆ ಭಾರವಾದ ಹರಳು ಅದರಲ್ಲಿ ತೂಗಿದಾಗ ಅದು ದಾರದಂತೆ ಮಾಂಸವನ್ನು ಕೊಯ್ದು ತೂತನ್ನು ಕೆಳಗೆ ಜಗ್ಗುತ್ತದೆ. ಹೊಸ ಗಾಯ ಮಾಯಲು ಎರಡರಿಂದ ನಾಲ್ಕು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ದಿನಗಳಲ್ಲಿ ಬಾವು ಇರುವುದರಿಂದ ಬಿಗಿಯಾದ ಉಂಗುರವೂ ಸಲ್ಲದು, ಗಾಯ ಮಾಯುವ ಮೊದಲು ಬದಲಿಸುವುದೂ ಸಲ್ಲದು. ನಿಕ್ಕಲ್ ಬೆರೆತ ಅಗ್ಗದ ಒಡವೆ ಹಲವರ ಚರ್ಮಕ್ಕೆ ಆಗದು. ತಿರುಪಿನ ಮೂಗುಬೊಟ್ಟಾದರೆ ಅದರ ಕಡ್ಡಿ ಹೊಳ್ಳೆಯ ದಪ್ಪಕ್ಕಿಂತ ತುಸು ಉದ್ದವಿರಬೇಕು.

ಗಡಿ ಮತ್ತು ಚಿನ್ನ

ಹೈದರಾಬಾದ್ ಸಂಸ್ಥಾನದಲ್ಲಿ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರಿಗೆ ಬಂದಾಗ ಅವು ಮಹಬೂಬನಗರದೊಡನೆ ಆಂಧ್ರಪ್ರದೇಶದಲ್ಲಿ ಉಳಿದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ನಕ್ಷೆ ಇಷ್ಟು ಸಲ ಬದಲಾದರೂ ಒಡವೆಯ ಮಾತು ಬೆರೆತುಕೊಂಡೇ ಉಳಿಯಿತು.

ತೂಕದ ಮಾತಿಗೆ ಮಾತ್ರ ಪೆಟ್ಟು ಬಿದ್ದಿತು. 1956ರ ಅಳತೆ ತೂಕಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿ ಬಂದು ಗುಲಗಂಜಿ, ಮಾಸಿಗಳು ಹಿಂದೆ ಸರಿದವು. 1963ರ ಜನವರಿಯ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್ ಮೀರಿದ ಹೊಸ ಒಡವೆ ಮಾಡುವುದನ್ನು ನಿಷೇಧಿಸಿದಾಗ ದೇಶದಾದ್ಯಂತ ಅಸಂಖ್ಯ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಆ ಮಿತಿ ಕೆಲವು ವರ್ಷಗಳಲ್ಲಿ ಸಡಿಲವಾದರೂ 1968ರ ಕಾಯಿದೆ 1990ರವರೆಗೆ ಉಳಿಯಿತು. ಈಗ ಯಂತ್ರದಲ್ಲಿ ಎರಕಗೊಂಡ ಸಿದ್ಧ ಮೂಗುತಿ ಬರುತ್ತದೆ. ಅದು ಒಂದು ಮೂಗನ್ನು ನೋಡಿ ಮಾಡಿದುದಲ್ಲ.

ಮೂಗುತಿಯ ಇತಿಹಾಸ ಸಾವಿರ ವರ್ಷಗಳ ಆಚೆ ಈಚೆಯದು; ಅಷ್ಟರಲ್ಲಿಯೆ ಅದು ಹಲವು ಹೆಸರು, ಹಲವು ಗಾತ್ರ, ಎರಡೂ ಮಗ್ಗುಲು ಕಂಡಿದೆ. ಅದನ್ನು ಇಡುವುದೂ ಬಿಡುವುದೂ, ಎಷ್ಟು ದೊಡ್ಡದು ಇಡುವುದೆಂಬುದೂ ತೊಡುವವಳ ಮೂಗಿಗೂ ಮನಸ್ಸಿಗೂ ಸೇರಿದ ವಿಷಯವೆಂದು ಈ ಇತಿಹಾಸವೇ ಹೇಳುತ್ತದೆ. ಈ ಸೀಮೆಯ ಅಧ್ಯಾಪಕ ಬಂಧುಗಳು ತಂತಮ್ಮ ಊರಿನ ಮುತ್ತಜ್ಜಿಯರಿಂದಲೂ ವೃದ್ಧ ಪತ್ತಾರರಿಂದಲೂ ಮೂಗಿನ ಒಡವೆಗಳ ಹೆಸರು, ತೂಕ, ಅಳತೆಗಳನ್ನು ಕೇಳಿ ಬರೆದಿಡಬೇಕೆಂದು ಕೋರುತ್ತೇವೆ. ಗುಲಗಂಜಿಯಿಂದ ತೂಗಿದವರು ಇನ್ನು ಬಹಳ ಜನ ಉಳಿದಿಲ್ಲ.