ಮಾತಿಗೊಂದು, ಕರೆಗೊಂದು
1930ರ ಆಸುಪಾಸಿನಲ್ಲಿ ರಿಚರ್ಡ್ ಲಾಪಿಯರ್ ಎಂಬ ಸಮಾಜಶಾಸ್ತ್ರಜ್ಞ ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದರು. 251 ಹೋಟೆಲು, ಲಾಡ್ಜುಗಳಲ್ಲಿ 'ಆಗಲ್ಲ' ಅಂದದ್ದು ಒಂದೇ ಕಡೆ. ಆಮೇಲೆ ಪತ್ರ ಬರೆದು 'ಚೀನೀಯರನ್ನ ಸೇರಿಸ್ತೀರಾ?' ಅಂತ ಕೇಳಿದರೆ, ಉತ್ತರ ಕೊಟ್ಟವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ 'ಇಲ್ಲ' ಅಂದರು.

ನಮ್ಮಲ್ಲಿ ಇದು ಉಲ್ಟಾ. ಸುಖದೇವ್ ಥೋರಟ್, ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿದ್ದರು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಕಡಿಮೆ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅದೇ ವರ್ಷದ ಜೋಧ್ಕಾ–ನ್ಯೂಮನ್ ಅಧ್ಯಯನದಲ್ಲಿ ಎಚ್‌ಆರ್ ಮ್ಯಾನೇಜರುಗಳು 'ನಮಗೆ ಮೆರಿಟ್ ಮುಖ್ಯ' ಅಂತಿದ್ರು. ಇಂಟರ್‌ವ್ಯೂನಲ್ಲಿ ಮನೆತನ ವಿಚಾರಿಸ್ತಿದ್ರು.

'ಈಗ ಯಾರ್ರೀ ಜಾತಿ ನೋಡ್ತಾರೆ?' ಅಂತ ಆಫೀಸಿನಲ್ಲಿ ಯಾರಾದರೂ ಅಂದರೆ ನಾನು ವಾದಕ್ಕಿಳಿಯಲ್ಲ. ಕರೆ ಯಾರಿಗೆ ಹೋಯ್ತು ಅಂತ ಎಣಿಸ್ತೀನಿ.